ಭೌತಚಿಕಿತ್ಸೆ ಮತ್ತು ಸೂಜಿಚಿಕಿತ್ಸೆ: ಒಂದು ವಿವೇಚನೆ

ಮೂವತ್ತು ಮೂವತ್ತೈದು ವರ್ಷಗಳ ಕಾಲ ನಿಂತು ಪಾಠ ಹೇಳಿ ನಿವೃತ್ತರಾದ ಗುರುಗಳನ್ನು ಕಂಡು ಕುಶಲ ವಿಚಾರಿಸಿದರೆ, ಮಾತು ಬಹುಬೇಗ ಮೊಣಕಾಲಿಗೆ ಬಂದು ನಿಲ್ಲುತ್ತದೆ. ಕೆಲವರದು ಸೊಂಟದ ನೋವು. ಕೆಲವರದು ಕರಿಹಲಗೆಯ ಮೇಲೆ ಕೈಯೆತ್ತಿ ಬರೆದು ಬರೆದು ಬಿಗಿದುಹೋದ ಬಲಭುಜ. ಪಾರ್ಶ್ವವಾಯುವಿನ ಆಘಾತಕ್ಕೆ ಸಿಕ್ಕಿ ಒಂದು ಪಕ್ಕದ ಕೈಕಾಲುಗಳ ಸ್ವಾಧೀನ ತಪ್ಪಿದವರೂ ಉಂಟು. ಇಂತಹವರ ಕಿವಿಗೆ ಈಗ ಎರಡು ಚಿಕಿತ್ಸೆಗಳ ಹೆಸರು ಮೇಲಿಂದ ಮೇಲೆ ಬೀಳುತ್ತದೆ. ಒಂದು ಭೌತಚಿಕಿತ್ಸೆ, ಅಂದರೆ ಬಳಕೆಯ ಮಾತಿನಲ್ಲಿ ಫಿಸಿಯೋಥೆರಪಿ. ಇನ್ನೊಂದು ಚೀನದೇಶದ ಸೂಜಿಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್. ಎರಡನ್ನೂ ಒಂದೇ ಸೂರಿನಡಿಯಲ್ಲಿ ಒದಗಿಸುವುದಾಗಿ ಫಲಕ ತೂಗುಹಾಕಿದ ಚಿಕಿತ್ಸಾಲಯಗಳೂ ಪಟ್ಟಣಗಳಲ್ಲಿ ಕಾಣಸಿಗುತ್ತವೆ. ಇವೆರಡನ್ನು ಕೂಡಿಸುವುದರಿಂದ ರೋಗಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ಇದುವರೆಗೆ ನಡೆದ ಪ್ರಯೋಗಗಳ ಬೆಳಕಿನಲ್ಲಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಭೌತಚಿಕಿತ್ಸೆಯ ಮೂಲವನ್ನು ಅರಸುತ್ತ ಹೊರಟರೆ ನಾವು ತಲುಪುವುದು ಆಸ್ಪತ್ರೆಯನ್ನಲ್ಲ, ವ್ಯಾಯಾಮಶಾಲೆಯನ್ನು. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮಿನಲ್ಲಿ ೧೮೧೩ರಲ್ಲಿ ಪೆರ್ ಹೆನ್ರಿಕ್ ಲಿಂಗ್ ಎಂಬಾತನು ಕೇಂದ್ರ ವ್ಯಾಯಾಮ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಈತ ವೈದ್ಯನಲ್ಲ, ಖಡ್ಗವಿದ್ಯೆಯನ್ನು ಕಲಿಸುತ್ತಿದ್ದ ಶಿಕ್ಷಕ, ಜೊತೆಗೆ ಕವಿ. ವ್ಯಾಯಾಮವನ್ನು ಶಿಕ್ಷಣಕ್ಕೆ, ಸೈನ್ಯಕ್ಕೆ, ಚಿಕಿತ್ಸೆಗೆ, ಅಂಗಸೌಷ್ಠವಕ್ಕೆ ಎಂದು ನಾಲ್ಕು ಶಾಖೆಗಳಾಗಿ ವಿಂಗಡಿಸಿದನು. ಅವನ ಪದ್ಧತಿಯೇ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಶಾಲೆಗಳಿಗೆ ಡ್ರಿಲ್ ರೂಪದಲ್ಲಿ ಪ್ರವೇಶಿಸಿತು. ಶಾಲೆಯ ಅಂಗಳದ ಡ್ರಿಲ್ ಪಾಠವೂ ಆಸ್ಪತ್ರೆಯ ಭೌತಚಿಕಿತ್ಸೆಯೂ ಹೀಗೆ ಒಂದೇ ಮನೆಯ ಮಕ್ಕಳು ಎಂಬುದನ್ನು ನಮ್ಮ ವ್ಯಾಯಾಮಶಿಕ್ಷಕರು ಅಭಿಮಾನದಿಂದ ನೆನೆಯಬಹುದು. ೧೮೯೪ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು ಸೇರಿ ಅಂಗಮರ್ದನ ಬಲ್ಲ ಸುಶಿಕ್ಷಿತೆಯರ ಸಂಘವೊಂದನ್ನು ಕಟ್ಟಿದರು. ಮೊದಲನೆಯ ಮಹಾಯುದ್ಧದಲ್ಲಿ ಊನಗೊಂಡು ಮರಳಿದ ಸಹಸ್ರಾರು ಸೈನಿಕರ ಶುಶ್ರೂಷೆಯಿಂದ ಈ ವೃತ್ತಿಗೆ ಸ್ಥಿರವಾದ ಸ್ಥಾನ ದೊರೆಯಿತು.

ಯುದ್ಧಕ್ಕಿಂತಲೂ ಮಿಗಿಲಾಗಿ ಈ ವಿದ್ಯೆಯನ್ನು ಬೆಳೆಸಿದ್ದು ಪೋಲಿಯೋ ರೋಗ. ಆಸ್ಟ್ರೇಲಿಯದ ಎಲಿಜಬೆತ್ ಕೆನ್ನಿ ಎಂಬ ದಾದಿಯ ಕಥೆ ಇಲ್ಲಿ ಪ್ರಸ್ತುತವಾದುದು. ಪೋಲಿಯೋ ತಗುಲಿದ ಮಗುವಿನ ಕೈಕಾಲುಗಳನ್ನು ದಬ್ಬೆಕಟ್ಟಿ ತಿಂಗಳುಗಟ್ಟಲೆ ಅಲುಗಾಡದಂತೆ ಇಡುವುದು ಆ ಕಾಲದ ವೈದ್ಯರ ಕ್ರಮವಾಗಿದ್ದಿತು. ಕೆನ್ನಿ ದಬ್ಬೆಗಳನ್ನು ಬಿಚ್ಚಿಸಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಉಣ್ಣೆಯ ಬಟ್ಟೆಯನ್ನು ಸುತ್ತಿ, ಸ್ನಾಯುಗಳು ಸಡಿಲವಾದ ಮೇಲೆ ಅಂಗಗಳನ್ನು ಮೆಲ್ಲಮೆಲ್ಲನೆ ಚಲಿಸುವುದನ್ನು ಕಲಿಸಿದರು. ೧೯೪೦ರಲ್ಲಿ ಅವರು ಅಮೆರಿಕಕ್ಕೆ ಹೋದರು. ತೀವ್ರವಾದ ವಿರೋಧದ ನಡುವೆಯೂ ಅವರ ಕ್ರಮ ಅಲ್ಲಿ ಬಹುಮಟ್ಟಿಗೆ ಸ್ವೀಕೃತವಾಯಿತು. ಸ್ವಾರಸ್ಯವೇನೆಂದರೆ, ಪೋಲಿಯೋ ಎಂದರೇನು ಎಂಬುದರ ಬಗೆಗೆ ಕೆನ್ನಿಯವರು ಮಂಡಿಸುತ್ತಿದ್ದ ಸಿದ್ಧಾಂತ ಸರಿಯಾಗಿರಲಿಲ್ಲ. ಅವರ ಕೈಗಳು ಮಾಡುತ್ತಿದ್ದ ಕೆಲಸ ಸರಿಯಾಗಿತ್ತು. ಸಿದ್ಧಾಂತ ತಪ್ಪಿದ್ದರೂ ಅಭ್ಯಾಸ ಉಪಯುಕ್ತವಾಗಿರಬಹುದು ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಸೂಜಿಯ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿಯೂ ಈ ಶಿಕ್ಷಣಕ್ಕೆ ನಿಮಿತ್ತವಾದುದು ಪೋಲಿಯೋವೇ. ೧೯೫೨ರಲ್ಲಿ ಮುಂಬಯಿಯಲ್ಲಿ ಹಬ್ಬಿದ ಸಾಂಕ್ರಾಮಿಕದ ತರುವಾಯ, ೧೯೫೩ರಲ್ಲಿ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಭೌತಚಿಕಿತ್ಸೆಯ ಶಾಲೆ ಆರಂಭವಾಯಿತು. ೨೦೧೪ರಲ್ಲಿ ಭಾರತವು ಪೋಲಿಯೋಮುಕ್ತವೆಂದು ಘೋಷಿತವಾಯಿತು. ರೋಗ ಹೋಯಿತು, ಅದರಿಂದ ಹುಟ್ಟಿದ ವಿದ್ಯೆ ಉಳಿಯಿತು.

ಈ ವಿದ್ಯೆಯ ಒಳಮರ್ಮವನ್ನು ಮೊಣಕಾಲಿನ ದೃಷ್ಟಾಂತದಿಂದ ವಿವರಿಸಬಹುದು. ವಯಸ್ಸಾದಂತೆ ಕೀಲಿನೊಳಗಿನ ಮೃದ್ವಸ್ಥಿ ಸವೆಯುತ್ತದೆ, ನೋವು ತಲೆದೋರುತ್ತದೆ. ನೋವಿಗೆ ಅಂಜಿ ಮನುಷ್ಯ ನಡೆಯುವುದನ್ನು ಕಡಿಮೆ ಮಾಡುತ್ತಾನೆ, ಮೆಟ್ಟಿಲು ಹತ್ತುವುದನ್ನು ಬಿಡುತ್ತಾನೆ. ಆಗ ತೊಡೆಯ ಮುಂಭಾಗದ ದೊಡ್ಡ ಸ್ನಾಯು ಕೃಶವಾಗುತ್ತದೆ. ಮೊಣಕಾಲಿನ ಮೇಲೆ ಬೀಳುವ ಭಾರವನ್ನು ತಾಳಿಕೊಳ್ಳಬೇಕಾದುದು ಆ ಸ್ನಾಯುವೇ ಆದುದರಿಂದ, ಅದು ಕುಗ್ಗಿದಷ್ಟೂ ಕೀಲಿಗೆ ಪೆಟ್ಟು ಹೆಚ್ಚು, ನೋವು ಹೆಚ್ಚು. ಅಷ್ಟೇ ಅಲ್ಲ, ಊದಿಕೊಂಡು ನೋಯುವ ಕೀಲಿನಿಂದ ಹೊರಡುವ ನರಸಂದೇಶಗಳು ಆ ಸ್ನಾಯುವಿನ ಪ್ರಚೋದನೆಯನ್ನೇ ತಗ್ಗಿಸಿಬಿಡುತ್ತವೆ. ಮನಸ್ಸು ಮಾಡಿದರೂ ಅದು ಪೂರ್ಣ ಬಲದಿಂದ ಬಿಗಿಯುವುದಿಲ್ಲ. ನೋವಿನಿಂದ ನಿಶ್ಚಲತೆ, ನಿಶ್ಚಲತೆಯಿಂದ ದೌರ್ಬಲ್ಯ, ದೌರ್ಬಲ್ಯದಿಂದ ಮತ್ತೆ ನೋವು, ಹೀಗೆ ಗಾಣದೆತ್ತಿನಂತೆ ಸುತ್ತುತ್ತಿರುವ ರೋಗಿಯನ್ನು ಆ ಸುತ್ತಿನಿಂದ ಹೊರತರುವುದು ಕ್ರಮವರಿತ ವ್ಯಾಯಾಮ. ಪಾರ್ಶ್ವವಾಯುವಿನಲ್ಲಿ ವಿಷಯ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಕೆಟ್ಟಿರುವುದು ಕೈಯಲ್ಲ, ಕೈಯನ್ನು ಆಡಿಸುವ ಮೆದುಳಿನ ಭಾಗ. ಉಳಿದ ಭಾಗಗಳು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ವಹಿಸಿಕೊಳ್ಳಬಲ್ಲವು. ಆದರೆ ಅದೇ ಚಲನೆಯನ್ನು, ಲೋಟವನ್ನು ಹಿಡಿಯುವುದನ್ನೋ ಕುರ್ಚಿಯಿಂದ ಏಳುವುದನ್ನೋ, ಸಾವಿರ ಸಲ ಮಾಡಿಸಿದಾಗ ಮಾತ್ರ. ಮಗ್ಗಿ ಬಾಯಿಪಾಠ ಮಾಡಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಸೂಜಿಯ ವಿಷಯ. ಚೀನದ ಪ್ರಾಚೀನ ವೈದ್ಯಗ್ರಂಥವಾದ ‘ಹುವಾಂಗ್ ದೀ ನೈ ಜಿಂಗ್’ ಕ್ರಿಸ್ತಪೂರ್ವ ಒಂದೆರಡು ಶತಮಾನಗಳ ಹೊತ್ತಿಗೆ ಸಂಕಲಿತವಾದುದೆಂದು ವಿದ್ವಾಂಸರ ಅಭಿಪ್ರಾಯ. ದೇಹದಲ್ಲಿ ‘ಛೀ’ ಎಂಬ ಪ್ರಾಣಶಕ್ತಿ ಕೆಲವು ನಾಡಿಮಾರ್ಗಗಳಲ್ಲಿ ಸಂಚರಿಸುತ್ತದೆ, ಅದರ ಹರಿವಿಗೆ ತಡೆಯುಂಟಾದಾಗ ರೋಗ ಬರುತ್ತದೆ, ಗೊತ್ತಾದ ಬಿಂದುಗಳಲ್ಲಿ ಸೂಜಿ ಚುಚ್ಚಿ ಆ ತಡೆಯನ್ನು ತೆಗೆಯಬಹುದು ಎಂಬುದು ಅದರ ಸಿದ್ಧಾಂತ. ಇಂದು ಮಾನ್ಯವಾಗಿರುವ ಎಣಿಕೆಯಂತೆ ಮಾರ್ಗಗಳು ೧೪, ಬಿಂದುಗಳು ೩೬೧. ಸುಮಾರು ೧೦೨೭ರಲ್ಲಿ, ಸೋಂಗ್ ವಂಶದ ಅರಸರ ಕಾಲದಲ್ಲಿ, ವಾಂಗ್ ವೇಯ್‌ಯಿ ಎಂಬ ವೈದ್ಯನು ಆಳೆತ್ತರದ ಕಂಚಿನ ಪ್ರತಿಮೆಗಳನ್ನು ಎರಕ ಹೊಯ್ಯಿಸಿ ಬಿಂದುಗಳಿದ್ದೆಡೆ ರಂಧ್ರಗಳನ್ನು ಕೊರೆಯಿಸಿದನು. ಪರೀಕ್ಷೆಯ ದಿನ ಪ್ರತಿಮೆಗೆ ಮೇಣ ಬಳಿದು ಒಳಗೆ ನೀರು ತುಂಬುತ್ತಿದ್ದರಂತೆ. ವಿದ್ಯಾರ್ಥಿ ಸರಿಯಾದ ಎಡೆಯಲ್ಲಿ ಚುಚ್ಚಿದರೆ ನೀರು ಜಿನುಗುವುದು, ತಪ್ಪಿದರೆ ಇಲ್ಲ. ಪಕ್ಷಪಾತಕ್ಕೆ ಎಡೆಯಿಲ್ಲದ ಇಂತಹ ಪರೀಕ್ಷಕ ನಮ್ಮ ಶಿಕ್ಷಣ ಇಲಾಖೆಗೂ ದೊರೆತಿಲ್ಲ.

ಎರಡು ಸಾವಿರ ವರ್ಷ ಈ ವಿದ್ಯೆ ಎಡೆಬಿಡದೆ ಪೂಜ್ಯವಾಗಿ ನಡೆದುಬಂದಿತೆಂದು ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ. ೧೮೨೨ರಲ್ಲಿ ಚೀನದ ಸಾಮ್ರಾಟನೇ ತನ್ನ ಆಸ್ಥಾನದ ವೈದ್ಯಶಾಲೆಯಿಂದ ಸೂಜಿಚಿಕಿತ್ಸೆಯನ್ನು ತೆಗೆದುಹಾಕಿದನು. ಅದು ರಾಜ್ಯಾಶ್ರಯವನ್ನು ಪುನಃ ಪಡೆದುದು ೧೯೪೯ರ ಕ್ರಾಂತಿಯ ಅನಂತರ, ವೈದ್ಯರ ಅಭಾವವಿದ್ದ ವಿಶಾಲ ದೇಶದ ಅಗತ್ಯದಿಂದ. ಹಾಗೆಯೇ ಈ ವಿದ್ಯೆ ನಮ್ಮ ಸುಶ್ರುತನ ಮರ್ಮಶಾಸ್ತ್ರದಿಂದಲೇ ಹೋಯಿತೆಂದು ವಾದಿಸುವವರು ನಮ್ಮಲ್ಲಿದ್ದಾರೆ. ಸುಶ್ರುತಸಂಹಿತೆಯ ಮರ್ಮಗಳು ೧೦೭. ಅಲ್ಲಿ ಗಾಯವಾದರೆ ಪ್ರಾಣಕ್ಕೋ ಅಂಗಕ್ಕೋ ಅಪಾಯವೆಂದು ಶಸ್ತ್ರವೈದ್ಯನನ್ನು ಎಚ್ಚರಿಸುವುದೇ ಆ ಪಟ್ಟಿಯ ಉದ್ದೇಶ. ಚುಚ್ಚಬೇಕಾದ ಎಡೆಗಳ ಪಟ್ಟಿಯನ್ನೂ ಚುಚ್ಚಬಾರದ ಎಡೆಗಳ ಪಟ್ಟಿಯನ್ನೂ ಒಂದೆನ್ನುವುದು ದೇಶಾಭಿಮಾನವಾದೀತೇ ಹೊರತು ವಿಚಾರವಾಗದು.

ಭಾರತಕ್ಕೆ ಈ ವಿದ್ಯೆ ಬಂದುದರ ಹಿಂದೆ ನಮ್ಮ ನೆರೆಯ ಸೊಲ್ಲಾಪುರದ ಒಂದು ನೆನಪಿದೆ. ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಚೀನದ ನೆರವಿಗೆಂದು ೧೯೩೮ರಲ್ಲಿ ರಾಷ್ಟ್ರೀಯ ಕಾಂಗ್ರೆಸ್ಸು ಐವರು ವೈದ್ಯರ ತಂಡವೊಂದನ್ನು ಕಳುಹಿಸಿತು. ಅವರಲ್ಲೊಬ್ಬರು ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದ ಡಾ. ದ್ವಾರಕಾನಾಥ ಕೋಟ್ಣಿಸ್, ೧೯೪೨ರಲ್ಲಿ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, ಗಾಯಾಳುಗಳ ಸೇವೆ ಮಾಡುತ್ತಲೇ ಅವರು ಅಲ್ಲಿ ಮಡಿದರು. ಅದೇ ತಂಡದ ಇನ್ನೊಬ್ಬರಾದ ಬಂಗಾಳದ ಡಾ. ಬಿಜಯ್ ಕುಮಾರ್ ಬಸು ಬದುಕಿ ಮರಳಿದರು. ೧೯೫೦ರ ದಶಕದ ಕೊನೆಯಲ್ಲಿ ಅವರು ಮತ್ತೆ ಚೀನಕ್ಕೆ ಹೋಗಿ ಸೂಜಿಚಿಕಿತ್ಸೆಯನ್ನು ಕಲಿತು ಬಂದು ಕಲಕತ್ತೆಯಲ್ಲಿ ಅದನ್ನು ಆರಂಭಿಸಿದರು. ಪಶ್ಚಿಮ ಬಂಗಾಳವು ೧೯೯೬ರಲ್ಲಿ ಈ ಚಿಕಿತ್ಸೆಗೆಂದೇ ಪ್ರತ್ಯೇಕ ಶಾಸನವೊಂದನ್ನು ಮಾಡಿದುದಕ್ಕೆ ಬೀಜ ಬಿದ್ದುದು ಅಲ್ಲಿಯೇ.

ಪಾಶ್ಚಾತ್ಯ ಜಗತ್ತಿನಲ್ಲಿ ಈ ಹೆಸರು ಮನೆಮಾತಾದುದು ೧೯೭೧ರ ಜುಲೈ ತಿಂಗಳಿನಿಂದೀಚೆಗೆ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಜೇಮ್ಸ್ ರೆಸ್ಟನ್ ಎಂಬ ಪತ್ರಕರ್ತರು ಬೀಜಿಂಗಿನಲ್ಲಿದ್ದಾಗ ಅವರಿಗೆ ಅಪೆಂಡಿಕ್ಸಿನ ಶಸ್ತ್ರಕ್ರಿಯೆಯಾಯಿತು. ಸೂಜಿ ಚುಚ್ಚಿಯೇ ಅವರ ಹೊಟ್ಟೆಯನ್ನು ಕೊಯ್ದರೆಂದು ಇಂದಿಗೂ ಹೇಳುವವರಿದ್ದಾರೆ, ನಡೆದುದು ಹಾಗಲ್ಲ. ಶಸ್ತ್ರಕ್ರಿಯೆ ನಡೆದದ್ದು ಸಾಮಾನ್ಯ ಅರಿವಳಿಕೆ ಮದ್ದಿನಿಂದಲೇ. ಆಮೇಲೆ ಉಂಟಾದ ಹೊಟ್ಟೆಯುಬ್ಬರದ ಬಾಧೆಗೆ ಸೂಜಿ ಚುಚ್ಚಿದರು, ಬಾಧೆ ಶಮನವಾಯಿತೆಂದು ಅವರು ಬರೆದರು. ೧೯೭೨ರಲ್ಲಿ ಅಧ್ಯಕ್ಷ ನಿಕ್ಸನ್ ಚೀನಕ್ಕೆ ಭೇಟಿಯಿತ್ತ ಮೇಲಂತೂ ಅಮೆರಿಕದಲ್ಲಿ ಸೂಜಿಯ ಹುಚ್ಚು ಹಬ್ಬಿತು.

ಹುಚ್ಚಿನ ಜೊತೆಗೆ ಸಂಶೋಧನೆಯೂ ನಡೆದುದು ಒಳ್ಳೆಯದಾಯಿತು. ತಲೆ ಬಾಗಿಲಿಗೆ ಬಡಿದಾಗ ಕೈ ತಾನಾಗಿ ಅಲ್ಲಿಗೆ ಹೋಗಿ ಉಜ್ಜುತ್ತದೆ, ಉಜ್ಜಿದರೆ ನೋವು ತಗ್ಗುತ್ತದೆ. ಇದಕ್ಕೆ ಕಾರಣವನ್ನು ೧೯೬೫ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಸೂಚಿಸಿದ್ದರು: ಮೆದುಳುಬಳ್ಳಿಯಲ್ಲಿ ಒಂದು ಬಾಗಿಲಿನಂತಹ ಏರ್ಪಾಡಿದ್ದು, ಸ್ಪರ್ಶದ ಸಂದೇಶಗಳು ಒತ್ತಿ ಬಂದಾಗ ನೋವಿನ ಸಂದೇಶಗಳಿಗೆ ದಾರಿ ಕಿರಿದಾಗುತ್ತದೆ. ೧೯೭೫ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಎಂಬವರು ಮೆದುಳು ತಾನೇ ತಯಾರಿಸುವ ಅಫೀಮಿನಂತಹ ನೋವುಶಾಮಕ ದ್ರವ್ಯಗಳನ್ನು ಗುರುತಿಸಿದರು. ಎರಡು ವರ್ಷಗಳ ಬಳಿಕ ಅಮೆರಿಕದ ಮೇಯರ್ ಮತ್ತು ಸಂಗಡಿಗರು ಒಂದು ಚತುರ ಪ್ರಯೋಗ ಮಾಡಿದರು. ಹಲ್ಲಿಗೆ ವಿದ್ಯುತ್ತಿನಿಂದ ಉಂಟುಮಾಡಿದ ನೋವು ಸೂಜಿಯಿಂದ ತಗ್ಗಿತು. ಅಫೀಮಿನ ಪರಿಣಾಮವನ್ನು ಅಳಿಸುವ ನಲಾಕ್ಸೋನ್ ಎಂಬ ಮದ್ದನ್ನು ಕೊಟ್ಟಾಗ ಆ ಶಮನವೂ ಅಳಿಸಿಹೋಯಿತು. ಎಲ್ಲ ಪ್ರಯೋಗಗಳಲ್ಲಿಯೂ ಇದು ಇಷ್ಟು ಸ್ಪಷ್ಟವಾಗಿ ಕಂಡಿಲ್ಲವಾದರೂ, ಚುಚ್ಚಿದ ಸೂಜಿ ದೇಹದ ಸ್ವಂತ ನೋವುಶಾಮಕವನ್ನು ಎಚ್ಚರಿಸಬಲ್ಲದು ಎಂಬುದಕ್ಕೆ ಆಧಾರ ದೊರೆಯಿತು. ‘ಛೀ’ ಹರಿಯುವ ಮಾರ್ಗಗಳನ್ನಾದರೋ ಯಾವ ಅಂಗರಚನಾಶಾಸ್ತ್ರಜ್ಞನೂ ಕಂಡಿಲ್ಲ. ಕೆನ್ನಿಯವರ ಕಥೆಯನ್ನು ನೆನಪಿಸಿಕೊಳ್ಳಬೇಕಾದುದು ಇಲ್ಲಿ.

ಎರಡನ್ನೂ ಕೂಡಿಸುವವರ ವಾದ ಈಗ ತಿಳಿಯುತ್ತದೆ. ಮೊಣಕಾಲಿಗೆ ವ್ಯಾಯಾಮ ಬೇಕು. ನೋವಿನಿಂದಾಗಿ ವ್ಯಾಯಾಮ ಸಾಧ್ಯವಾಗದು. ಸೂಜಿ ನೋವನ್ನು ಕೆಲವು ಗಂಟೆಗಳೋ ದಿನಗಳೋ ತಗ್ಗಿಸೀತು. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಸಿದರೆ ಸ್ನಾಯು ಬಲಗೊಂಡೀತು. ವಾದವೇನೋ ಸುಸಂಗತವಾಗಿದೆ. ಆದರೆ ಸುಸಂಗತವಾದುದೆಲ್ಲ ಸತ್ಯವಾಗಬೇಕಾಗಿಲ್ಲ, ಅದನ್ನು ಅಳೆದು ನೋಡಬೇಕು.

ಅಳೆಯುವುದು ಸುಲಭವಲ್ಲ. ಮಾತ್ರೆಯನ್ನು ಪರೀಕ್ಷಿಸುವಾಗ ಅದೇ ಬಣ್ಣದ ಹುಸಿಮಾತ್ರೆಯನ್ನು ಕೊಡಬಹುದು. ಹುಸಿಸೂಜಿಯನ್ನು ಹೇಗೆ ಕೊಡುವುದು? ಇದಕ್ಕೆ ಎರಡು ಉಪಾಯಗಳಿವೆ. ಶಾಸ್ತ್ರೋಕ್ತವಲ್ಲದ ಎಡೆಯಲ್ಲಿ ಮೇಲುಮೇಲಕ್ಕೆ ಚುಚ್ಚುವುದು ಒಂದು. ಇನ್ನೊಂದು ೧೯೯೮ರಲ್ಲಿ ಜರ್ಮನಿಯ ವೈದ್ಯರು ಪ್ರಕಟಿಸಿದ ಮೊಂಡುಸೂಜಿ. ನಮ್ಮ ಕಂಪನಿ ನಾಟಕಗಳಲ್ಲಿ ಖಳನಾಯಕ ಇರಿದಾಗ ಅಲಗು ಹಿಡಿಯೊಳಕ್ಕೆ ಸರಿಯುವ ಚೂರಿ ಇರುತ್ತದಲ್ಲ, ಹಾಗೆ ಒತ್ತಿದರೆ ಸೂಜಿ ತನ್ನ ಹಿಡಿಯೊಳಗೆ ಜಾರುತ್ತದೆ; ಚರ್ಮವನ್ನು ಭೇದಿಸುವುದಿಲ್ಲ, ಚುಚ್ಚಿದಂತೆ ಮಾತ್ರ ಭಾಸವಾಗುತ್ತದೆ.

ಜರ್ಮನಿಯಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೊಣಕಾಲಿನ ಸವೆತದಿಂದ ಬಳಲುತ್ತಿದ್ದ ೧,೦೦೭ ಮಂದಿಯನ್ನು ಮೂರು ಗುಂಪು ಮಾಡಿದರು. ಮೂರು ಗುಂಪಿಗೂ ಭೌತಚಿಕಿತ್ಸೆಯ ಆರು ಭೇಟಿಗಳವರೆಗೆ ಅವಕಾಶವಿತ್ತು, ಬೇಕಾದಾಗ ನೋವಿನ ಮಾತ್ರೆಯೂ ಇದ್ದಿತು. ಇವುಗಳ ಜೊತೆಗೆ ಒಂದು ಗುಂಪಿಗೆ ಶಾಸ್ತ್ರೋಕ್ತ ಸೂಜಿ, ಇನ್ನೊಂದಕ್ಕೆ ಹುಸಿಸೂಜಿ, ಮೂರನೆಯದಕ್ಕೆ ವೈದ್ಯರ ಸಮಾಲೋಚನೆ ಮಾತ್ರ. ಆರು ತಿಂಗಳ ಬಳಿಕ ಗಣನೀಯವಾಗಿ ಸುಧಾರಿಸಿದವರು ಮೊದಲ ಗುಂಪಿನಲ್ಲಿ ನೂರಕ್ಕೆ ೫೩.೧, ಎರಡನೆಯದರಲ್ಲಿ ೫೧.೦, ಮೂರನೆಯದರಲ್ಲಿ ೨೯.೧. ಈ ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು. ಸೂಜಿಯ ಗುಂಪುಗಳು ಸೂಜಿಯಿಲ್ಲದ ಗುಂಪಿಗಿಂತ ಬಹಳ ಮುಂದಿವೆ. ಆದರೆ ಸರಿಯಾದ ಬಿಂದುವಿಗೂ ತಪ್ಪಾದ ಎಡೆಗೂ ಹೇಳಿಕೊಳ್ಳುವಂತಹ ಅಂತರವಿಲ್ಲ. ಮೊದಲ ಎರಡನ್ನೇ ನೋಡುವವನು ಸೂಜಿಯನ್ನು ಸುಳ್ಳೆನ್ನುತ್ತಾನೆ, ಮೊದಲನೆಯದನ್ನೂ ಮೂರನೆಯದನ್ನೂ ನೋಡುವವನು ಪವಾಡವೆನ್ನುತ್ತಾನೆ. ಅಂಕಿಅಂಶಗಳನ್ನು ಹೀಗೆ ಆಯ್ದು ಉಣಬಡಿಸುವ ಪರಿಪಾಠ ಎರಡು ಪಕ್ಷಗಳಲ್ಲಿಯೂ ಇದೆ.

ನಮ್ಮ ವಿಷಯಕ್ಕೆ ಇನ್ನೂ ನೇರವಾಗಿ ಸಂಬಂಧಿಸಿದ್ದು ೨೦೦೭ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ. ಅದನ್ನು ನಡೆಸಿದ್ದು ಇಂಗ್ಲೆಂಡಿನ ೩೭ ಭೌತಚಿಕಿತ್ಸಾ ಕೇಂದ್ರಗಳಲ್ಲಿ. ಭಾಗವಹಿಸಿದವರು ಐವತ್ತು ದಾಟಿದ ೩೫೨ ಮಂದಿ. ಎಲ್ಲರಿಗೂ ತಿಳಿವಳಿಕೆ ಮತ್ತು ವ್ಯಾಯಾಮ ದೊರೆಯಿತು. ಮೂರರಲ್ಲಿ ಒಂದು ಪಾಲಿನವರಿಗೆ ಅಷ್ಟೇ. ಒಂದು ಪಾಲಿನವರಿಗೆ ಜೊತೆಗೆ ನಿಜಸೂಜಿ, ಇನ್ನೊಂದು ಪಾಲಿನವರಿಗೆ ಮೊಂಡುಸೂಜಿ. ೨೦ ಅಂಕಗಳ ನೋವಿನ ಮಾನದಲ್ಲಿ ಆರು ತಿಂಗಳ ಬಳಿಕ ಕಂಡ ಇಳಿತ ಕ್ರಮವಾಗಿ ೨.೨೮, ೨.೩೨ ಮತ್ತು ೨.೫೩. ಅಂದರೆ ವ್ಯಾಯಾಮ ಮಾಡಿದವರೆಲ್ಲರೂ ಸ್ವಲ್ಪ ಸುಧಾರಿಸಿದರು. ಸೂಜಿ ಅದಕ್ಕೆ ಕೂಡಿಸಿದ್ದು ಇಲ್ಲವೆನ್ನುವಷ್ಟು. ಮೊದಲ ಕೆಲವು ವಾರಗಳಲ್ಲಿ ಮಾತ್ರ ನೋವಿನ ತೀವ್ರತೆ ಸೂಜಿಯವರಲ್ಲಿ ತುಸು ಕಡಿಮೆಯಿದ್ದಿತು; ಮೊಂಡುಸೂಜಿಯವರಲ್ಲಿಯೂ ಅದು ತುಸು ಕಡಿಮೆಯಾಗಿಯೇ ಇದ್ದಿತು. ಬಿಡುವಿನ ವಾದಕ್ಕೆ ಸಿಕ್ಕ ಆಧಾರ ಇಷ್ಟು: ಆರಂಭದಲ್ಲಿ ಕಿರಿದಾದ ಒಂದು ಬಿಡುವು ದೊರೆಯಬಹುದು, ಅದು ಬಹುಕಾಲ ನಿಲ್ಲುವುದಿಲ್ಲ.

ಪಾರ್ಶ್ವವಾಯುವಿನ ಕಥೆ ಇದಕ್ಕಿಂತಲೂ ಬೋಧಪ್ರದ. ಲಿಂಗ್ ಹುಟ್ಟಿದ ಸ್ವೀಡನ್ನಿನಲ್ಲಿಯೇ, ಲುಂಡ್ ನಗರದಲ್ಲಿ, ೭೮ ಮಂದಿ ರೋಗಿಗಳ ಮೇಲೆ ನಡೆದ ಪ್ರಯೋಗವೊಂದು ೧೯೯೩ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ದಿನನಿತ್ಯದ ಭೌತಚಿಕಿತ್ಸೆ ನಡೆಯುತ್ತಿದ್ದಿತು. ಅರ್ಧದಷ್ಟು ಮಂದಿಗೆ ಅದರ ಜೊತೆಗೆ ವಾರಕ್ಕೆ ಎರಡು ಬಾರಿ, ಹತ್ತು ವಾರ, ಸೂಜಿ. ಸೂಜಿಯ ಗುಂಪಿನವರು ಬೇಗ ಚೇತರಿಸಿಕೊಂಡರು. ವರ್ಷದ ಬಳಿಕ ಸ್ವಂತ ಮನೆಯಲ್ಲಿ ವಾಸಿಸುತ್ತಿದ್ದವರೂ ಅವರಲ್ಲಿಯೇ ಹೆಚ್ಚು. ಇಷ್ಟಕ್ಕೇ ನಿಂತಿದ್ದರೆ ಕಥೆ ಸುಖಾಂತವಾಗುತ್ತಿದ್ದಿತು. ಆದರೆ ಲುಂಡ್ ನಗರದ ವಿದ್ವಾಂಸರು ತಮ್ಮ ಫಲಿತಾಂಶವನ್ನೇ ಮತ್ತೆ ಶಂಕಿಸಿದರು. ಮೊದಲ ಪ್ರಯೋಗದಲ್ಲಿ ಸೂಜಿಯಿಲ್ಲದವರಿಗೆ ಅಷ್ಟೇ ಹೊತ್ತಿನ ಬೇರೆ ಉಪಚಾರ ದೊರೆತಿರಲಿಲ್ಲ. ಚೇತರಿಕೆ ಸೂಜಿಯದೋ, ಪಕ್ಕದಲ್ಲಿ ಕುಳಿತ ಮನುಷ್ಯನದೋ? ಆದುದರಿಂದ ಹಲವು ಆಸ್ಪತ್ರೆಗಳನ್ನು ಸೇರಿಸಿಕೊಂಡು ೧೫೦ ರೋಗಿಗಳ ಹೊಸ ಪ್ರಯೋಗವನ್ನು ನಡೆಸಿದರು. ಒಂದು ಗುಂಪಿಗೆ ಸೂಜಿ, ಇನ್ನೊಂದಕ್ಕೆ ಸ್ನಾಯು ಅದುರುವಷ್ಟು ವಿದ್ಯುತ್ ಪ್ರಚೋದನೆ, ಮೂರನೆಯದಕ್ಕೆ ಪರಿಣಾಮವಿರದಷ್ಟು ಕ್ಷೀಣವಾದ ಪ್ರಚೋದನೆ. ಎಲ್ಲರಿಗೂ ಹತ್ತು ವಾರಗಳಲ್ಲಿ ಇಪ್ಪತ್ತು ಸಲ. ೨೦೦೧ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರು ಗುಂಪುಗಳಿಗೂ ಯಾವ ವ್ಯತ್ಯಾಸವೂ ಕಂಡುಬರಲಿಲ್ಲ. ತಾವು ಕಂಡ ಶುಭವಾರ್ತೆಯನ್ನು ತಾವೇ ಕಠಿಣವಾಗಿ ಪರೀಕ್ಷಿಸಿ, ಅದು ನಿಲ್ಲಲಿಲ್ಲವೆಂದು ಲೋಕಕ್ಕೆ ತಿಳಿಸಿದ ಈ ಸಂಶೋಧಕರ ಪ್ರಾಮಾಣಿಕತೆಯನ್ನು ವಿಜ್ಞಾನದ ತರಗತಿಯಲ್ಲಿ ಪಾಠವಾಗಿ ಹೇಳಬೇಕು.

ಇಂಗ್ಲೆಂಡಿನಲ್ಲಿ ಚಿಕಿತ್ಸೆಗಳ ಯೋಗ್ಯಾಯೋಗ್ಯತೆಯನ್ನು ನಿರ್ಣಯಿಸುವ ‘ನೈಸ್’ ಎಂಬ ಸಂಸ್ಥೆಯ ತೀರ್ಮಾನಗಳೂ ಈ ಏರಿಳಿತವನ್ನೇ ತೋರಿಸುತ್ತವೆ. ೨೦೦೯ರಲ್ಲಿ ಅದು ಸೊಂಟನೋವಿಗೆ ಹತ್ತು ಬಾರಿಯವರೆಗೆ ಸೂಜಿಯನ್ನು ಶಿಫಾರಸು ಮಾಡಿತು. ೨೦೧೬ರಲ್ಲಿ ಸೊಂಟನೋವಿಗೆ ಅದನ್ನು ಕೊಡಕೂಡದೆಂದಿತು. ೨೦೨೧ರಲ್ಲಿ, ಬೇರೆ ಕಾರಣ ಕಾಣದೆ ಬಹುಕಾಲ ಉಳಿಯುವ ನೋವಿಗೆ ಸೂಜಿಯ ಒಂದು ಸರಣಿಯನ್ನು ಪರಿಶೀಲಿಸಬಹುದೆಂದಿತು. ಮೊಣಕಾಲಿನ ಸವೆತಕ್ಕೆ ೨೦೨೨ರಲ್ಲಿ ಮತ್ತೆ ಬೇಡವೆಂದಿತು. ಈ ಎಲ್ಲ ತೀರ್ಮಾನಗಳಲ್ಲಿಯೂ ಒಂದು ಮಾತು ಮಾತ್ರ ಬದಲಾಗಲಿಲ್ಲ: ವ್ಯಾಯಾಮವನ್ನು ಅದು ಎಲ್ಲಿಯೂ ಕೈಬಿಡಲಿಲ್ಲ.

ಇವೆಲ್ಲವುಗಳಿಂದ ಈ ಲೇಖಕನಿಗೆ ಹೊಳೆಯುವುದು ಇಷ್ಟು. ಈ ಜೋಡಿ ಎತ್ತುಗಳ ಬಂಡಿಯಲ್ಲ. ಬಂಡಿಯನ್ನು ಎಳೆಯುವುದು ವ್ಯಾಯಾಮ. ಸೂಜಿ ಹೆಚ್ಚೆಂದರೆ ಕೀಲಿಗೆ ಹಚ್ಚುವ ಎಣ್ಣೆ. ಎಣ್ಣೆಯಿಂದ ಕೆಲವರಿಗೆ ಸುಖವಾಗುವುದಾದರೆ ಬೇಡವೆನ್ನಲು ಕಾರಣವಿಲ್ಲ. ನೋವಿನ ಮಾತ್ರೆಗಳನ್ನು ತಿಂದು ತಿಂದು ಜಠರವನ್ನೂ ಮೂತ್ರಪಿಂಡವನ್ನೂ ಕೆಡಿಸಿಕೊಳ್ಳುವ ಹಿರಿಯರು ನಮ್ಮ ನಡುವೆ ಕಡಿಮೆಯಿಲ್ಲ. ಅಂತಹವರಿಗೆ ಕೆಲವು ವಾರಗಳ ಸೂಜಿ ಒಂದು ಸಹಾಯವಾದೀತು. ಸೂಜಿ ಹಾಕುವಾತ ಅರ್ಧ ಗಂಟೆ ಹತ್ತಿರ ಕುಳಿತು, ಮೈಮುಟ್ಟಿ, ಮಾತನಾಡಿಸುತ್ತಾನೆ ಎಂಬುದೂ ಅಲ್ಪವಾದುದಲ್ಲ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳುಹಿಸುವ ವೈದ್ಯರು ಜರ್ಮನಿಯ ಆ ಮೂರನೆಯ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಆದರೆ ಅಪಾಯವಿರುವುದೂ ಆ ಸುಖದಲ್ಲಿಯೇ. ಮಲಗಿಕೊಂಡರೆ ಸೂಜಿ ತಾನೇ ಕೆಲಸ ಮಾಡುತ್ತದೆ. ವ್ಯಾಯಾಮವನ್ನು ನಾವೇ ಮಾಡಬೇಕು. ಮನುಷ್ಯಸ್ವಭಾವ ಯಾವುದನ್ನು ಆರಿಸಿಕೊಳ್ಳುತ್ತದೆಂದು ಹೇಳಬೇಕಾಗಿಲ್ಲ. ಮೊಣಕಾಲಿನವರು ವ್ಯಾಯಾಮ ಬಿಟ್ಟರೆ ನಷ್ಟವಾದೀತು, ಆದರೂ ಮರುವರ್ಷ ಆರಂಭಿಸಬಹುದು. ಪಾರ್ಶ್ವವಾಯುವಿನವರಿಗೆ ಆ ಸೌಲಭ್ಯವಿಲ್ಲ. ಚೇತರಿಕೆಯ ಬಹುಪಾಲು ನಡೆಯುವುದು ಮೊದಲ ಕೆಲವು ತಿಂಗಳುಗಳಲ್ಲಿ. ಆ ತಿಂಗಳುಗಳನ್ನು ಸೂಜಿಯೊಂದಕ್ಕೇ ಆಗಲಿ, ನಮ್ಮ ಹಳ್ಳಿಗಳ ಕಡೆ ರೂಢಿಯಿರುವ ಎಣ್ಣೆಯೊಂದಕ್ಕೇ ಆಗಲಿ ಒಪ್ಪಿಸಿ, ಕೈಯನ್ನು ಆಡಿಸುವ ಅಭ್ಯಾಸವನ್ನು ಮುಂದೂಡಿದರೆ, ಕೈ ಬಿಗಿದುಕೊಂಡು ಉಳಿದ ಆಯುಷ್ಯವೆಲ್ಲ ಎದೆಗೆ ಅಂಟಿಕೊಂಡಿರುತ್ತದೆ. ಬಾಯಿ ಸೊಟ್ಟಗಾಗುವುದು, ಕೈ ಬಲಗುಂದುವುದು, ಮಾತು ತೊದಲುವುದು, ಇವು ಒಮ್ಮೆಗೇ ಕಂಡ ಗಳಿಗೆಯಲ್ಲಿ ಸೂಜಿಯ ಮನೆಯನ್ನೂ ವ್ಯಾಯಾಮದ ಮನೆಯನ್ನೂ ಹುಡುಕದೆ, ತಲೆಯ ಸ್ಕ್ಯಾನ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಧಾವಿಸಬೇಕು. ರಕ್ತ ಹೆಪ್ಪುಗಟ್ಟಿ ಆದ ಆಘಾತವಾದರೆ ಆ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ಹಾಗೆಂದು ಅವಸರದಿಂದ ರೋಗಿಯನ್ನು ಮೊದಲ ದಿನವೇ ತೀವ್ರವಾಗಿ ಎಬ್ಬಿಸಿ ನಡೆಸುವುದೂ ಸಲ್ಲದು. ೨೦೧೫ರಲ್ಲಿ ಪ್ರಕಟವಾದ, ಐದು ದೇಶಗಳ ೨,೧೦೪ ರೋಗಿಗಳನ್ನೊಳಗೊಂಡ ಪ್ರಯೋಗದಲ್ಲಿ, ಮೊದಲ ೨೪ ಗಂಟೆಗಳೊಳಗೇ ತೀವ್ರವಾಗಿ ಎಬ್ಬಿಸಿ ಓಡಾಡಿಸಿದವರ ಫಲಿತಾಂಶ ಉಳಿದವರಿಗಿಂತ ಹಿಂದೆ ಬಿದ್ದಿತು.

ಸೂಜಿಯನ್ನು ಬಯಸುವವರು ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಸೂಜಿ ಒಮ್ಮೆ ಬಳಸಿ ಎಸೆಯುವಂತಹುದಾಗಿರಬೇಕು, ಪೊಟ್ಟಣವನ್ನು ಕಣ್ಣೆದುರಿನಲ್ಲಿ ಒಡೆಯಬೇಕು. ಒಬ್ಬರಿಗೆ ಚುಚ್ಚಿದುದನ್ನು ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆಯ ವೈರಾಣುಗಳು ಹರಡುತ್ತವೆ. ಎದೆ ಮತ್ತು 
ಹೆಗಲಿನ ಮೇಲ್ಭಾಗದಲ್ಲಿ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ರಂಧ್ರವಾದ ಪ್ರಸಂಗಗಳು ವಿರಳವಾದರೂ ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ರಕ್ತ ತೆಳುವಾಗಿಸುವ ಮದ್ದು ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಸೂಜಿಗೆ ವಿದ್ಯುತ್ ಹಾಯಿಸುವ ವಿಧಾನದಿಂದ ದೂರವಿರಬೇಕು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರ ಪಾದಕ್ಕೆ ಸೂಜಿಯೂ ಬಿಸಿಕಾವೂ ಎರಡೂ ಅಪಾಯಕರ. ಭೌತಚಿಕಿತ್ಸಕರ ಶಿಕ್ಷಣ ಮತ್ತು ನೋಂದಣಿಯ ಬಗೆಗೆ ೨೦೨೧ರಲ್ಲಿ ಕೇಂದ್ರ ಸರ್ಕಾರದ ಶಾಸನವಾಗಿದೆ. ಎದುರಿಗಿರುವಾತ ಯಾವ ಪದವಿ ಪಡೆದಿದ್ದಾನೆಂದು ವಿಚಾರಿಸುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಎಷ್ಟು ಸಲ ಬರಬೇಕೆಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಆರೆಂಟು ಸಲದಲ್ಲಿ ಮೆಟ್ಟಿಲು ಹತ್ತುವುದು ತುಸುವಾದರೂ ಸುಲಭವಾಗದಿದ್ದರೆ ಆ ಖರ್ಚನ್ನು ಅಲ್ಲಿಗೆ ನಿಲ್ಲಿಸುವುದು ಲೇಸು.

ಮೊಣಕಾಲಿನವರಿಗೆ ಸಾಮಾನ್ಯವಾಗಿ ಮೊದಲು ಹೇಳಿಕೊಡುವ ವ್ಯಾಯಾಮವೊಂದನ್ನು ಇಲ್ಲಿ ಬರೆಯಬಹುದು. ಬೆನ್ನಿಗೆ ಆಸರೆಯಿರುವ ಗಟ್ಟಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಒಂದು ಕಾಲನ್ನು ಮೆಲ್ಲನೆ ಮುಂದಕ್ಕೆ ನೀಡಿ, ಮೊಣಕಾಲು ಪೂರ್ಣ ನೇರವಾಗುವಂತೆ ಎತ್ತಬೇಕು. ತೊಡೆಯ ಸ್ನಾಯು ಬಿಗಿದುದನ್ನು ಅಂಗೈಯಿಟ್ಟು ನೋಡಿಕೊಳ್ಳಬಹುದು. ಉಸಿರು ಹಿಡಿಯದೆ ಐದು ಎಣಿಸುವವರೆಗೆ ಹಾಗೆಯೇ ಇದ್ದು, ಇಳಿಸಬೇಕು. ಪ್ರತಿಯೊಂದು ಕಾಲಿಗೂ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಒಂದೆರಡು ವಾರಗಳ ಬಳಿಕ ಕೈಯೂರದೆ ಕುರ್ಚಿಯಿಂದ ಎದ್ದು ಕೂಡುವುದನ್ನು ಐದೈದು ಸಲ ಸೇರಿಸಿಕೊಳ್ಳಬಹುದು. ಮಾಡುವಾಗ ಸ್ವಲ್ಪ ನೋವಾಗುವುದು ಸಹಜ. ಮರುದಿನ ಬೆಳಗ್ಗೆ ನೋವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ ಎಣಿಕೆಯನ್ನು ಅರ್ಧಕ್ಕೆ ಇಳಿಸಬೇಕು, ಬಿಡಬಾರದು. ಎರಡು ಪಿರಿಯಡ್ಡುಗಳ ನಡುವಿನ ವಿರಾಮದಲ್ಲಿ ಶಿಕ್ಷಕರ ಕೊಠಡಿಯಲ್ಲಿಯೇ ಇದನ್ನು ಮುಗಿಸಬಹುದು.